‘ಟೇಕನ್ ಅಬ್ಯಾಕ್’ ಅಂದರೆ ಬರೀ ಆಶ್ಚರ್ಯವಾ?

ಪ್ರಶ್ನೆ: ಮಣಿಪಾಲದಲ್ಲಿ ಕೆಲಸ. ಮನೆಯಲ್ಲಿ ದೈವದ ನೇಮ ಉಂಟು, ನಾಳೆಯಿಂದ ನಾಲ್ಕು ದಿನ ರಜೆ ಮಾಡುತ್ತೇನೆ ಅಂತ ಇಂಗ್ಲಿಷಿನಲ್ಲಿ ಮೇಲ್ ಹಾಕಿದ್ದೆ. ‘ಐ ವಾಸ್ ಎ ಬಿಟ್ ಟೇಕನ್ ಅಬ್ಯಾಕ್ ಬೈ ಯುವರ್ ಮೇಲ್’ ಅಂತ ಮ್ಯಾನೇಜರ್ ಉತ್ತರ ಕೊಟ್ಟಿದ್ದಾರೆ. ಆಶ್ಚರ್ಯ ಆಯ್ತು ಅಂತ ಅಷ್ಟೇ ಅಲ್ವಾ?

ಉತ್ತರ: ಅಷ್ಟೇ ಅಲ್ಲ ಮಾರಾಯ್ರೆ. ಆಶ್ಚರ್ಯ ಹೌದು, ಆದರೆ ಮಾತು ಹೊರಡದೆ ಒಂದು ಕ್ಷಣ ತಡೆದು ನಿಲ್ಲಿಸುವಂಥದ್ದು. ಕನ್ನಡದಲ್ಲಿ ‘ತಬ್ಬಿಬ್ಬಾದೆ’ ಇದಕ್ಕೆ ತೀರ ಹತ್ತಿರ. ‘ಬೆಚ್ಚಿಬಿದ್ದೆ’ ಅಂದರೆ ಹೆದರಿಕೆ ಬಂತು, ‘ಬೆರಗಾದೆ’ ಅಂದರೆ ಮೆಚ್ಚುಗೆ ಬಂತು. ಇಲ್ಲಿ ಎರಡೂ ಬೇಡ.

ಇದು ಹಾಯಿ ಹಡಗಿನ ಮಾತು. ‘ಅಬ್ಯಾಕ್’ ಅಂದರೆ ಹಿಂದಕ್ಕೆ. ಯುರೋಪಿನ ಹಳೇ ಹಡಗುಗಳಲ್ಲಿ ಚೌಕದ ಹಾಯಿ ಕೂವೆಮರದ (ಹಾಯಿ ಹೊರುವ ಎತ್ತರದ ಕಂಬ) ಮುಂದೆ ಅಡ್ಡದಿಮ್ಮಿಗೆ ಕಟ್ಟಿರುತ್ತಿತ್ತು. ಗಾಳಿ ಹಿಂದಿನಿಂದ ಬಂದರೆ ಹಾಯಿ ಉಬ್ಬಿ ಹಡಗು ಮುಂದೆ ಹೋಗುತ್ತದೆ. ಗಾಳಿ ಗಕ್ಕನೆ ದಿಕ್ಕು ತಿರುಗಿಸಿದರೋ, ಚುಕ್ಕಾಣಿ ಹಿಡಿದವನು ಮೈಮರೆತರೋ, ಅದೇ ಹಾಯಿ ಎದುರುಗಾಳಿಗೆ ಸಿಕ್ಕಿ ಕೂವೆಮರಕ್ಕೆ ಒತ್ತಿಕೊಳ್ಳುತ್ತದೆ. ಹಡಗು ಇದ್ದಲ್ಲೇ ನಿಲ್ಲುತ್ತದೆ, ಹಿಂದಕ್ಕೂ ಸರಿಯುತ್ತದೆ. ಗಾಳಿ ಜೋರಿದ್ದರೆ ಕೂವೆ ಮುರಿಯುವುದೂ ಉಂಟು. ಮಲ್ಪೆಯ ಇಂಜಿನ್ ಬೋಟು ನೋಡಿದವರಿಗೆ ಇದು ಹೊಳೆಯುವುದು ಕಷ್ಟ. ಆದರೆ ಆ ‘ಗಕ್ಕನೆ ನಿಂತದ್ದು’ ಮನಸ್ಸಿನಲ್ಲಿದ್ದರೆ ಅರ್ಥ ಎಂದೂ ತಪ್ಪುವುದಿಲ್ಲ.

ಹಾಗಾಗಿ ಮಗಳಿಗೆ ರ್‍ಯಾಂಕ್ ಬಂದರೆ ‘ಥ್ರಿಲ್ಡ್’ ಅನ್ನಿ, ‘ಟೇಕನ್ ಅಬ್ಯಾಕ್’ ಬೇಡ. ಜೂನ್ 1ರಿಂದ ಜುಲೈ 31ರ ತನಕ ಬೋಟುಗಳಿಗೆ ರಜೆ ಇರುವಾಗ ಮಾರ್ಕೆಟಿಗೆ ಹೋಗಿ ಅಂಜಲ್ ಮೀನಿನ ಕ್ರಯ ಕೇಳಿದಿರಾ? ‘ಐ ವಾಸ್ ಟೇಕನ್ ಅಬ್ಯಾಕ್ ಬೈ ದ ಪ್ರೈಸ್’ ಸರಿಯಾಗಿ ಕೂರುತ್ತದೆ. ಒಳ್ಳೆಯದಕ್ಕೂ ಬಳಸಬಹುದು, ಆದರೆ ಅಪರಿಚಿತರು ತೋರಿಸಿದ ಔದಾರ್ಯಕ್ಕೆ ಹೇಗೆ ಪ್ರತಿಕ್ರಿಯಿಸಬೇಕೆಂದೇ ತೋಚದಂಥ ಕಡೆ ಮಾತ್ರ.

ನಮ್ಮವರು ಹೆಚ್ಚು ಎಡವುವುದು ‘ಅ’ದಲ್ಲಿ. ಒತ್ತು ‘ಬ್ಯಾಕ್’ ಮೇಲೆ ಬೀಳುವುದರಿಂದ ಅದು ಕಿವಿಗೆ ಬೀಳುವುದೇ ಇಲ್ಲ. ಬರೆಯುವಾಗ ‘ಟೇಕನ್ ಬ್ಯಾಕ್’ ಆಗಿಬಿಡುತ್ತದೆ. ಅದರ ಅರ್ಥವೇ ಬೇರೆ: ವಾಪಸು ತೆಗೆದುಕೊಂಡದ್ದು, ಅಥವಾ ಹಳೇ ನೆನಪಿಗೆ ಕರೆದೊಯ್ದದ್ದು. ‘ಐ ಟುಕ್ ಅಬ್ಯಾಕ್’ ಕೂಡ ತಪ್ಪು. ತಬ್ಬಿಬ್ಬಾದವರು ನೀವಾದರೆ ‘ವಾಸ್’ ಬೇಕು. ಕಾರಣವನ್ನು ಮುಂದೆ ಇಟ್ಟರೆ ‘ಹಿಸ್ ಆನ್ಸರ್ ಟುಕ್ ಮಿ ಅಬ್ಯಾಕ್’. ‘ಮಿ’ ನಡುವೆ ಬರಬೇಕು. ‘ವಾವ್’ ಹಾಗೆ ಒಂಟಿಯಾಗಿ ಕೂಗುವ ಮಾತಂತೂ ಅಲ್ಲ.

ಇನ್ನು ನಿಮ್ಮ ಮೇಲ್. ‘ಎ ಬಿಟ್’ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಆಫೀಸಿನ ಇಂಗ್ಲಿಷಿನಲ್ಲಿ ಹೆಚ್ಚಿನ ಸಲ ಅದು ‘ಹೀಗೆ ಬರೆಯಬಾರದಿತ್ತು’ ಎಂಬುದರ ಮರ್ಯಾದೆಯ ರೂಪ. ನೇಮಕ್ಕೆ ಹೋಗುವುದು ಅವರಿಗೆ ಬೇಸರವಲ್ಲ ಅಂತ ನನಗನ್ನಿಸುತ್ತದೆ. ‘ರಜೆ ಮಾಡುತ್ತೇನೆ’ ಎಂಬುದನ್ನು ಹಾಗೇ ಇಂಗ್ಲಿಷಿಗೆ ಇಳಿಸಿದಾಗ ಕೇಳಿದಂತಾಗದೆ ಹೇಳಿಬಿಟ್ಟಂತಾಗಿದೆ. ನಾನಾದರೆ ‘ಸಾರಿ, ಐ ಶುಡ್ ಹ್ಯಾವ್ ಆಸ್ಕ್ಡ್ ಫಸ್ಟ್’ ಅಂತ ಶುರುಮಾಡಿ, ‘ವುಡ್ ಇಟ್ ಬಿ ಪಾಸಿಬಲ್’ ಅಂತ ರಜೆ ಕೇಳಿ, ಆ ನಾಲ್ಕು ದಿನ ನಿಮ್ಮ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಒಂದು ಸಾಲಿನಲ್ಲಿ ಹಾಕುತ್ತಿದ್ದೆ.