ಇಗರ್ಜಿಯ ಕರೆಂಟ್ ಬಿಲ್: ಫ್ಯಾನ್ ಬಿಡಿ, ಹೊರಗಿನ ದೀಪ ನೋಡಿ

ಪ್ರಶ್ನೆ: ನಮ್ಮ ಇಗರ್ಜಿಯ 40 ಹಳೆಯ ಫ್ಯಾನ್‌ಗಳನ್ನು ತೆಗೆದು ಬಿಎಲ್‌ಡಿಸಿ (ಕಡಿಮೆ ಕರೆಂಟ್ ಎಳೆಯುವ ಮೋಟಾರಿನ) ಫ್ಯಾನ್ ಹಾಕಿಸಿದರೆ ಬಿಲ್ ಅರ್ಧಕ್ಕಿಳಿಯುತ್ತದೆ ಎನ್ನುತ್ತಾರೆ. ದಾನಿಗಳೂ ಸಿದ್ಧರಿದ್ದಾರೆ. ಮಾಡಿಸೋಣವೇ? (ಫೋಟೋ ಕಳಿಸಿದ್ದೇನೆ.)
– ಪಾಲನಾ ಪರಿಷತ್ ಸದಸ್ಯರು, ಮಂಗಳೂರು

ಉತ್ತರ: ಬೇಡ. ಕರಾವಳಿಯಿಂದ ಈ ಪ್ರಶ್ನೆ ಬರುತ್ತಲೇ ಇದೆ. ಫ್ಯಾನ್ ಎಷ್ಟು ಹೊತ್ತು ತಿರುಗುತ್ತದೆ ಎಂದು ಮಾತ್ರ ಯಾರೂ ಬರೆಯುವುದಿಲ್ಲ. ಹಳೆಯದು 75 ವಾಟ್, ಹೊಸದು 30, ಒಪ್ಪಿದೆ. ಭಾನುವಾರದ ಪೂಜೆಗಳು, ಒಂದು ಕೂಟ ಸೇರಿ ವಾರಕ್ಕೆ 5 ಗಂಟೆ ಹಿಡಿಯಿರಿ. ಎಲ್ಲ ಫ್ಯಾನ್ ಸೇರಿ ವರ್ಷಕ್ಕೆ ಉಳಿಯುವುದು 468 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ 3,744 ರೂಪಾಯಿ. ಒಂದಕ್ಕೆ 3,000ದಂತೆ ನೀವು ಸುರಿಯುವುದು 1.2 ಲಕ್ಷ. ಅಸಲು ಬರಲು 32 ವರ್ಷ ಬೇಕು, ಅಷ್ಟರಲ್ಲಿ ಆ ಫ್ಯಾನ್ ಗುಜರಿಯಲ್ಲಿರುತ್ತದೆ. ಕೆಟ್ಟದ್ದನ್ನು ಕೆಟ್ಟಾಗ ಬದಲಿಸಿ, ಸಾಕು.

ಬಿಲ್ ಏರಿಸುತ್ತಿರುವುದು ನಿಮ್ಮ ಫೋಟೋದಲ್ಲೇ ಇದೆ: ಮುಂಭಾಗದ ಗೋಡೆಗೆ ಬೆಳಕು ಬಿಡುವ ನಾಲ್ಕು 400 ವಾಟ್ ಮೆಟಲ್ ಹಾಲೈಡ್ ದೀಪಗಳು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಉರಿದರೆ ವರ್ಷಕ್ಕೆ 7,000 ಯೂನಿಟ್, ಚೋಕ್ ತಿನ್ನುವುದು ಬೇರೆ. 150 ವಾಟ್‌ನ ಎಲ್‌ಇಡಿ ಹಾಕಿ, ಟೈಮರ್ ಇಟ್ಟು ಹತ್ತು ಗಂಟೆಗೆ ಆರಿಸಿದರೆ 900 ಯೂನಿಟ್ ಕೂಡ ಆಗದು. ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು ಬರೆಸಬಹುದು, ಟೈಮರ್ ಮೇಲೆ ಬರೆಸಲಾಗದು. ತೊಡಕು ಇರುವುದು ಅಲ್ಲೇ.

ಇನ್ನೊಂದು ಕಡೆ ಕಣ್ಣು ಹಾಕಿ. ವಾರದ ದಿನದ ಪೂಜೆಗೆ ಮುಂದಿನ ಮೂರು ಬೆಂಚಿನಲ್ಲಿ ಇಪ್ಪತ್ತು ಮಂದಿ ಇರುತ್ತಾರೆ, ಒಂದೇ ಸ್ವಿಚ್‌ಗೆ ಹತ್ತು ಫ್ಯಾನ್ ತಿರುಗುತ್ತವೆ. ಸ್ವಿಚ್ ಬೇರೆ ಮಾಡಿಸಿ. ಮೊದಲು ಅರ್ಥಿಂಗ್ ಪರೀಕ್ಷೆ ಆಗಲಿ. ಮರದ ಪಟ್ಟಿಯೊಳಗಿನ ಹಳೆಯ ವೈರಿಂಗ್ ಇದ್ದಲ್ಲಿ ನಾನು ಉಳಿತಾಯದ ಮಾತೇ ಎತ್ತುವುದಿಲ್ಲ.

ಪ್ರಶ್ನೆ: 500 ಜನರ ಹಂಚಿನ ಇಗರ್ಜಿಗೆ ಎಷ್ಟು ಟನ್ ಎಸಿ ಬೇಕು?

ಉತ್ತರ: ಕೂತ ಜನರ ಮೈಶಾಖಕ್ಕೇ ಸುಮಾರು 14 ಟನ್. ಹಂಚಿನ ಸಂದಿಯಿಂದ ನುಗ್ಗುವ ತೇವದ ಗಾಳಿಗೆ ಲೆಕ್ಕವಿಲ್ಲ. ಎಸಿಗಾಗಿ ಮಂಜೂರಾದ ಲೋಡ್ (ಕರೆಂಟ್ ಕಂಪನಿ ನಿಮಗೆ ಒಪ್ಪಿದ ಕಿಲೋವಾಟ್ ಮಿತಿ) ಏರಿದರೆ ಎಸಿ ಹಾಕದ ತಿಂಗಳೂ ನಿಗದಿತ ಶುಲ್ಕ ಕಟ್ಟಬೇಕು. ಎಸಿ ಬಿಡಿ, ಎತ್ತರದಲ್ಲಿ ತೂಗುವ ಫ್ಯಾನ್‌ಗೆ ಉದ್ದದ ರಾಡ್ ಹಾಕಿ ಕೆಳಗಿಳಿಸಿ.

ಪ್ರಶ್ನೆ: ಪ್ಲಗ್‌ಗೆ ಸಿಕ್ಕಿಸುವ ‘ಪವರ್ ಸೇವರ್’?

ಉತ್ತರ: ಮೋಸ. ಒಳಗಿರುವುದು ಒಂದು ಕೆಪಾಸಿಟರ್, ನಿಮ್ಮ ಮೀಟರ್ ಎಣಿಸುವುದು ಯೂನಿಟ್; ಅದನ್ನು ಕೆಪಾಸಿಟರ್ ಇಳಿಸುವುದಿಲ್ಲ. ಮಾರಲು ಬಂದವರನ್ನು ಗೇಟಿನಲ್ಲೇ ಕಳಿಸಿ.

ಪ್ರಶ್ನೆ: ಇಗರ್ಜಿಯ ಮಾಡಿನ ಮೇಲೆ ಸೋಲಾರ್?

ಉತ್ತರ: ಹಳೆಯ ಹಂಚಿನ ಮಾಡಿಗೆ ತೂತು ಕೊರೆದರೆ ಆಟಿಯ ಮಳೆಯಲ್ಲಿ ಪೀಠದ ಮೇಲೇ ಸೋರುತ್ತದೆ. ಪಕ್ಕದ ಶಾಲೆಯ ತಾರಸಿಯಲ್ಲಿ ಹಾಕಿಸಿ. ಹಗಲು ಕರೆಂಟ್ ಖರ್ಚಾಗುವುದೂ ಅಲ್ಲೇ.