ಕಬ್ಬಿಣ ಕಮ್ಮಿ ಇರೋ ಹಳೇ ನಕ್ಷತ್ರದಲ್ಲಿ ಸೀಸ ಜಾಸ್ತಿ ಹೇಗೆ? ಎಂಎಸ್ಸಿ ಪ್ರಾಜೆಕ್ಟ್‌ಗೆ ಇದನ್ನ ತಗೊಳ್ಳೋದಾ, ಎಕ್ಸೋಪ್ಲಾನೆಟ್ ತಗೊಳ್ಳೋದಾ?

"ಬೀಜಾನೇ ಕಮ್ಮಿ ಅಂದ್ಮೇಲೆ ಬೆಳೆ ಹೆಂಗೆ ಜಾಸ್ತಿ ಬರುತ್ತೆ" (ಬೀಜ ಅಂದ್ರೆ ಕಬ್ಬಿಣ, ಬೆಳೆ ಅಂದ್ರೆ ಸೀಸ) ಅಂತ ಕೇಳಿದೀರಲ್ಲ, ಅದನ್ನ ಓದಿ ಎದೆ ಧಸಕ್ ಅಂತು. ಹೆಚ್ಚುಕಮ್ಮಿ ಇದೇ ಮಾತು ನನ್ನ ಎಂಎಸ್ಸಿ ನೋಟ್‌ಬುಕ್ಕಿನ ಮೊದಲನೇ ಪುಟದಲ್ಲಿ ಬರ್ಕೊಂಡಿದ್ದೆ, ಆ ಒಂದು ಸಾಲಿಂದ ನನ್ನ ಒಂದು ವರ್ಷ ಹೋಯ್ತು.

ಆಗ ಯಶವಂತಪುರದ ಹತ್ರ ಒಂದು ಪೀಜೀಲಿದ್ದೆ. ಲೋಹ ಕಮ್ಮಿ ಇರೋ ಐದು ನಕ್ಷತ್ರಗಳ ಸ್ಪೆಕ್ಟ್ರಮ್‌ನ ಆರ್ಕೈವ್‌ನಿಂದ ಇಳಿಸ್ಕೊಂಡು, ಬೇರಿಯಂ, ಲ್ಯಾಂಥನಮ್, ಸೀಸ ಎಲ್ಲಾ ಎಷ್ಟೆಷ್ಟಿದೆ ಅಂತ ಅಳೀಬೇಕಿತ್ತು. ನಕ್ಷತ್ರದ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ್ರೆ ಸಿಗೋದೇ ಸ್ಪೆಕ್ಟ್ರಮ್, ಅದರಲ್ಲಿ ಒಂದೊಂದು ಮೂಲವಸ್ತುವೂ ತನ್ನದೇ ಜಾಗದಲ್ಲಿ ಬೆಳಕು ನುಂಗಿ ಕಪ್ಪು ಗೆರೆ ಬಿಡುತ್ತೆ. ಸೀಸಕ್ಕೆ ನಂಬ್ಕೋಬಹುದಾದ ಗೆರೆ ಒಂದೇ, 4057.8 ಆಂಗ್‌ಸ್ಟ್ರಮ್ (ಬೆಳಕಿನ ಅಲೆಯುದ್ದದ ಅಳತೆ) ಹತ್ರ, ನೇರಳೆ ಬಣ್ಣದ ಕಡೆ. ಕಷ್ಟ ಏನಂದ್ರೆ ಈ ನಕ್ಷತ್ರಗಳಲ್ಲಿ ಇಂಗಾಲ ಬೇಜಾನ್ ಇರುತ್ತೆ, ಹಂಗಾಗಿ ಸಿಎಚ್ (ಇಂಗಾಲ-ಹೈಡ್ರೋಜನ್) ಅಣುವಿನ ಗೆರೆಗಳು ಸರಿಯಾಗಿ ಅಲ್ಲೇ ಬಂದು ಮೈಮೇಲೆ ಬಿದ್ದಿರ್ತವೆ. ಒಂದು ನಕ್ಷತ್ರದಲ್ಲಿ, ಎಚ್‌ಡಿ 196944, ಆ ಜಾಗದಲ್ಲಿ ಸ್ಪಷ್ಟವಾಗಿ ಒಂದು ತಗ್ಗು ಕಾಣ್ತಿತ್ತು. ಆ ನಕ್ಷತ್ರದಲ್ಲಿ ಕಬ್ಬಿಣ ಸೂರ್ಯನಲ್ಲಿರೋದ್ರ ನೂರನೇ ಒಂದು ಭಾಗಕ್ಕಿಂತಲೂ ಕಮ್ಮಿ. ನಾನು ಏನಂದ್ಕೊಂಡೆ ಅಂದ್ರೆ, ನ್ಯೂಟ್ರಾನ್ ನುಂಗಿ ನುಂಗಿ ಭಾರ ಆಗಿ ಸೀಸ ಆಗೋಕೆ ಮೊದಲು ಕಬ್ಬಿಣದ ಬೀಜ, ಅಂದ್ರೆ ಕಬ್ಬಿಣದ ನ್ಯೂಕ್ಲಿಯಸ್ ಬೇಕು, ಬೀಜ 100 ಪಟ್ಟು ಕಮ್ಮಿ ಅಂದ್ರೆ ಸೀಸಾನೂ 100 ಪಟ್ಟು ಕಮ್ಮಿ, ಅಷ್ಟು ಕಮ್ಮಿ ಸೀಸಕ್ಕೆ ಗೆರೆ ಕಾಣೋ ಚಾನ್ಸೇ ಇಲ್ಲ, ಸೋ ಇದು ಸಿಎಚ್ಚೇ. ಆ ಜಾಗಕ್ಕೆ ಮಾಸ್ಕ್ ಹಾಕಿ, ಅಂದ್ರೆ ಲೆಕ್ಕದಿಂದ ಹೊರಗಿಟ್ಟು, ಮುಂದಕ್ಕೆ ಹೋಗ್ಬಿಟ್ಟೆ.

ತಪ್ಪು ಎಲ್ಲಿದೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಸರಿಯಾಗಿ ಅಲ್ಲೇ ನಿಂತಿದೀರ. ನಾನು ಬೀಜ ಎಣಿಸಿದೆ, ನ್ಯೂಟ್ರಾನ್ ಎಣಿಸ್ಲಿಲ್ಲ. ನ್ಯೂಟ್ರಾನೂ ಬೀಜದ ಜೊತೆಗೇ ಕಮ್ಮಿ ಆಗುತ್ತೆ ಅಂತ, ಯಾರೂ ಹೇಳ್ದೇ ಇದ್ರೂ, ಮನಸ್ಸಲ್ಲೇ ಒಪ್ಕೊಂಡ್ಬಿಟ್ಟಿದ್ದೆ. ವೈವಾದಲ್ಲಿ ಹೊರಗಿಂದ ಬಂದಿದ್ದ ಎಕ್ಸಾಮಿನರ್ ಕೇಳಿದ್ದು ಒಂದೇ ಪ್ರಶ್ನೆ: ನ್ಯೂಟ್ರಾನ್ ಎಲ್ಲಿಂದ ಬರುತ್ತಮ್ಮಾ? ಉತ್ತರ ಬರ್ಲಿಲ್ಲ. ಆಮೇಲೆ ಅವರೇ ಹೇಳಿದ್ರು, ಈ ನಕ್ಷತ್ರದ ಸೀಸ 2001ರಲ್ಲೇ ಪ್ರಕಟ ಆಗಿದೆ, ಚಿಲಿಯ ಲಾ ಸಿಲ್ಲಾದ ದೂರದರ್ಶಕದಿಂದ ಅಳೆದಿದ್ದು, 'ಸೀಸದ ನಕ್ಷತ್ರ' ಅಂತ ಮೊದಮೊದಲು ಗುರುತಿಸಿದ ಮೂರರಲ್ಲಿ ಇದೂ ಒಂದು. ನಮ್ಮ ಗೈಡ್ ಅದನ್ನ ಬೇಕಂತಲೇ ಪಟ್ಟಿಗೆ ಸೇರಿಸಿದ್ರು, ನನ್ನ ಅಳತೆ ಸರಿ ಇದ್ಯಾ ಅಂತ ನೋಡೋಕೆ. ಅಂಥ ನಕ್ಷತ್ರದ ಸೀಸಾನೇ ನಾನು ಅಳಿಸಿ ಹಾಕಿದ್ದೆ. ಪ್ರಾಜೆಕ್ಟ್ ಮತ್ತೆ ಮಾಡ್ಬೇಕಾಯ್ತು, ಆ ವರ್ಷದ ಪಿಎಚ್‌ಡಿ ಅಡ್ಮಿಷನ್ ಕೈತಪ್ಪಿ ಹೋಯ್ತು.

ನ್ಯೂಟ್ರಾನ್ ಬರೋದು ಹಿಂಗೆ. ಸೂರ್ಯನ 1ರಿಂದ 3 ಪಟ್ಟು ತೂಕದ ನಕ್ಷತ್ರ ಮುಪ್ಪಾದಾಗ, ಎಜಿಬಿ ಹಂತ ಅಂತಾರಲ್ಲ, ಒಳಗೆ ಹೀಲಿಯಂ ಪದರ ಆಗಾಗ ಭಗ್ಗಂತ ಹೊತ್ಕೊಂಡು ಇಂಗಾಲ ಮಾಡುತ್ತೆ. ಆಮೇಲೆ ಹೊರಗಿನ ಕುದಿಯೋ ಪದರ ಕೆಳಕ್ಕಿಳಿದು ಆ ಮಾಲನ್ನ ಮೇಲಕ್ಕೆ ಎಳ್ಕೊಳುತ್ತೆ, ಅದೇ ಟೈಮಲ್ಲಿ ಸ್ವಲ್ಪ ಹೈಡ್ರೋಜನ್ ಒಳಗೆ ಜಾರುತ್ತೆ. ಆ ಪ್ರೋಟಾನ್ ಸೇರಿ ಇಂಗಾಲ-12 ಇಂಗಾಲ-13 ಆಗುತ್ತೆ, ಸುಮಾರು 9 ಕೋಟಿ ಕೆಲ್ವಿನ್ ಬಿಸೀಲಿ ಇಂಗಾಲ-13ಕ್ಕೆ ಹೀಲಿಯಂ ಬಡಿದ್ರೆ ಆಮ್ಲಜನಕ-16 ಆಗಿ ಒಂದು ನ್ಯೂಟ್ರಾನ್ ಆಚೆ ಬರುತ್ತೆ. ನೋಡಿ, ಈ ಇಂಗಾಲ ನಕ್ಷತ್ರ ಹುಟ್ಟುವಾಗ ತಂದಿದ್ದಲ್ಲ, ತನ್ನ ಹೀಲಿಯಂನಿಂದ ತಾನೇ ಮಾಡ್ಕೊಂಡಿದ್ದು. ಹುಟ್ಟುವಾಗ ಕಬ್ಬಿಣ ಎಷ್ಟೇ ಕಮ್ಮಿ ಇರ್ಲಿ, ನ್ಯೂಟ್ರಾನ್ ಆ ಲೆಕ್ಕದಲ್ಲಿ ಕಮ್ಮಿ ಆಗಲ್ಲ.

ನಮ್ಮ ಗೈಡ್ ಇದನ್ನ ಮದುವೆ ಊಟಕ್ಕೆ ಹೋಲಿಸಿ ಹೇಳಿದ್ರು. ಸಾವಿರ ಜನಕ್ಕೆ ಹೋಳಿಗೆ ಮಾಡಿದಾರೆ, ಪಂಕ್ತೀಲಿ ಕೂತಿರೋದು ಹತ್ತೇ ಜನ. ಬಡಿಸೋರು ಬಂದು ಬಂದು ಹಾಕ್ತಾನೇ ಇರ್ತಾರೆ, ಒಬ್ಬೊಬ್ಬರ ಎಲೆಗೂ ಬೀಳೋ ಹೋಳಿಗೆ ಎಷ್ಟು? ನ್ಯೂಟ್ರಾನ್ ಹೋಳಿಗೆ, ಕಬ್ಬಿಣದ ಬೀಜ ಊಟಕ್ಕೆ ಕೂತೋರು. ಲೋಹ ಜಾಸ್ತಿ ಇರೋ ನಕ್ಷತ್ರದಲ್ಲಿ ಸ್ಟ್ರಾನ್ಶಿಯಂ, ಇಟ್ರಿಯಂ ತನಕವೋ ಬೇರಿಯಂ, ಸೀರಿಯಂ ತನಕವೋ ಹೋಗಿ ಹೆಚ್ಚಿನವು ಅಲ್ಲೇ ತಂಗ್ತವೆ, ಯಾಕಂದ್ರೆ ಒಳಗಿನ ನ್ಯೂಟ್ರಾನ್ ಸಂಖ್ಯೆ 50, 82 ಆದಾಗ ನ್ಯೂಕ್ಲಿಯಸ್ ಇನ್ನೊಂದನ್ನ ಸುಲಭಕ್ಕೆ ನುಂಗಲ್ಲ. ಬೀಜ ಕಮ್ಮಿ ಇದ್ದಾಗ ಒಂದೊಂದಕ್ಕೂ ಎಷ್ಟು ಸಿಗುತ್ತೆ ಅಂದ್ರೆ ಅವೆರಡನ್ನೂ ದಾಟ್ಕೊಂಡು 126ಕ್ಕೆ, ಅಂದ್ರೆ ಸೀಸಕ್ಕೆ ಬಂದು ರಾಶಿ ಬೀಳುತ್ತೆ. ಅಲ್ಲಿಂದ ಮುಂದೆ ದಾರಿ ಇಲ್ಲ: ಬಿಸ್ಮತ್-209 ಇನ್ನೊಂದು ನ್ಯೂಟ್ರಾನ್ ತಗೊಂಡ್ರೆ ಬಿಸ್ಮತ್-210, ಅದು ಐದು ದಿನದ ಅರ್ಧಾಯುಸ್ಸಲ್ಲಿ ಪೊಲೋನಿಯಂ-210, ಅದು 138 ದಿನದ ಅರ್ಧಾಯುಸ್ಸಲ್ಲಿ ಆಲ್ಫಾ ಬಿಟ್ಟು ವಾಪಸ್ ಸೀಸ-206. ಸುತ್ತಿ ಸುತ್ತಿ ಅಲ್ಲಿಗೇ. (ಹಂಗಂತ 100 ಪಟ್ಟು ಕಮ್ಮಿ ಬೀಜ ಅಂದ್ರೆ ಒಂದೊಂದು ಬೀಜಕ್ಕೂ ಪಕ್ಕಾ 100 ಪಟ್ಟು ನ್ಯೂಟ್ರಾನ್ ಅಂತ ಗೀಟೆಳೀಬೇಡಿ, ಸಾರಜನಕ-14 ಥರದವು ಮಧ್ಯದಲ್ಲೇ ನ್ಯೂಟ್ರಾನ್ ತಿಂದ್ಹಾಕ್ತವೆ.)

ಇನ್ನೊಂದು ವಿಷಯದಲ್ಲಿ ನಿಮ್ಮ ಪ್ರಶ್ನೇನೇ ನಾನು ಒಪ್ಪಲ್ಲ. "ಈ ನಕ್ಷತ್ರ ಸೀಸ ಹೇಗೆ ಮಾಡ್ತು" ಅಂತ ಕೇಳಿದೀರ. ಅದು ಮಾಡೇ ಇಲ್ಲ! ಎಚ್‌ಡಿ 196944 ಇನ್ನೂ ಆ ಮುಪ್ಪಿನ ಹಂತಕ್ಕೇ ಬಂದಿಲ್ಲ. ಅದು ಜೋಡಿ ನಕ್ಷತ್ರ, ಪಕ್ಕದ್ದು ಮೊದಲೇ ಮುಪ್ಪಾಗಿ, ಸೀಸ ಮಾಡಿ, ತನ್ನ ಹೊರಪದರವನ್ನ ಇದರ ಮೇಲೆ ಸುರಿದು, ತಾನು ಶ್ವೇತಕುಬ್ಜ ಆಗಿ ಮಂಕಾಗಿದೆ. ನಾವೀಗ ನೋಡ್ತಿರೋದು ಸತ್ತೋರು ಬಿಟ್ಟು ಹೋದ ಆಸ್ತಿ. ತಾನೇ ಮಾಡೋ ನಕ್ಷತ್ರಕ್ಕೆ ಗುರುತು ಬೇಕಾ, ಟೆಕ್ನೀಷಿಯಂ ಹುಡುಕಿ. 1952ರಲ್ಲಿ ಖಗೋಳ ವಿಜ್ಞಾನಿ ಪಾಲ್ ಮೆರಿಲ್ ಅದನ್ನ ಕೆಂಪು ದೈತ್ಯಗಳಲ್ಲಿ ಕಂಡ್ರು. ಅದರ ಯಾವ ಐಸೋಟೋಪೂ ಸ್ಥಿರ ಅಲ್ಲ, ಈ ದಾರೀಲಿ ಹುಟ್ಟೋ ಟೆಕ್ನೀಷಿಯಂ-99ರ ಅರ್ಧಾಯುಸ್ಸು ಸುಮಾರು 2 ಲಕ್ಷ ವರ್ಷ ಅಷ್ಟೇ, ನಕ್ಷತ್ರದ ಆಯಸ್ಸಿನ ಮುಂದೆ ಇದು ನಿನ್ನೆ ಮೊನ್ನೆ ಲೆಕ್ಕ. ಅಂದ್ಮೇಲೆ ಅದು ಅಲ್ಲೇ ಈಗ ತಾನೇ ಬೆಂದಿದ್ದು.

ಎಕ್ಸೋಪ್ಲಾನೆಟ್‌ಗೆ ಸ್ಕೋಪ್ ಜಾಸ್ತಿನಾ ಇದಕ್ಕಾ ಅನ್ನೋದಕ್ಕೆ ನಾನು ತಲೆ ಕೆಡಿಸ್ಕೊಳ್ಳಲ್ಲ, ನೀವೂ ಕೆಡಿಸ್ಕೋಬೇಡಿ. ಬೆಂಗಳೂರಲ್ಲಿ ಕೂತಿದೀರ, ಕೋರಮಂಗಲದಲ್ಲಿ ಖಭೌತ ಸಂಸ್ಥೆ ಇದೆ, ಲಡಾಖ್‌ನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನ ಇಲ್ಲೇ ಹೊಸಕೋಟೆಯಿಂದ ನಡೆಸ್ತಾರೆ, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಊರು ನಮ್ಮ ದೇಶದಲ್ಲಿ ಸಿಗೋದು ಕಷ್ಟ.

ಟಾಪಿಕ್ ಫಾರ್ಮ್ ತುಂಬೋ ಮುಂಚೆ ಇದೊಂದು ಮಾಡಿ. ಎಚ್‌ಡಿ 196944ರ ಸ್ಪೆಕ್ಟ್ರಮ್ ಇಳಿಸ್ಕೊಂಡು 4057.8 ಹತ್ರ ಜೂಮ್ ಮಾಡಿ. ಮೊದಲು 4300ರ ಸಿಎಚ್ ಪಟ್ಟಿಯಿಂದ ಇಂಗಾಲ ಎಷ್ಟು ಅಂತ ಫಿಕ್ಸ್ ಮಾಡ್ಕೊಳಿ, ಆಮೇಲೆ ಮಾಡೆಲ್ ಗೆರೇನ ಸೀಸ ಇಲ್ದೆ ಒಂದ್ಸಲ, ಸೀಸ ಹಾಕಿ ಒಂದ್ಸಲ ಎಳೀರಿ. ಸಿಎಚ್ ಒಂದೇ ಇದ್ರೆ ತಗ್ಗು ಅರ್ಧಕ್ಕೇ ನಿಂತುಬಿಡುತ್ತೆ, ಡೇಟಾದ ಚುಕ್ಕೆಗಳು ಅದರ ಕೆಳಗೇ ಉಳ್ಕೊಂಡಿರ್ತವೆ. ನಾನು ಮಾಸ್ಕ್ ತೆಗೆದು ಅದನ್ನ ನೋಡಿದ್ದು ವೈವಾ ಆದ ಆ ರಾತ್ರಿ, ಪೀಜೀಲಿ, ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬೆಳಕೊಂದೇ ಇತ್ತು.