ಪ್ರತಿಕ್ರಿಯೆ: ಹುತ್ತ ವಿಸ್ತೃತ ಫಿನೋಟೈಪೋ, ನೆಲೆ ನಿರ್ಮಾಣವೋ?

ಸೆಮಿನಾರಿನಲ್ಲಿ ಗೆದ್ದಲಿನ ಹುತ್ತವನ್ನು ಈ ಎರಡರಲ್ಲಿ ಯಾವುದೆಂದು ಕರೆಯಬೇಕೆಂಬ ನಿಮ್ಮ ಗೊಂದಲಕ್ಕೆ ಕಾರಣ, ಬಹುಶಃ, ಎರಡು ಬೇರೆ ಪ್ರಶ್ನೆಗಳು ಕಲೆತುಹೋಗಿರುವುದು. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 1982ರಲ್ಲಿ ಮಂಡಿಸಿದ ವಿಸ್ತೃತ ಫಿನೋಟೈಪ್ (ಜೀನ್‌ಗಳ ಪ್ರಭಾವ ದೇಹದಾಚೆಗೂ, ಜೀವಿ ಕಟ್ಟುವ ವಸ್ತುವಿನಲ್ಲೂ, ಕಾಣುತ್ತದೆಂಬ ವಿಚಾರ), ಹುತ್ತದಿಂದ ಅದನ್ನು ಕಟ್ಟಿಸುವ ಜೀನ್‌ಗಳಿಗೆ ಏನು ಲಾಭವೆಂದು ಕೇಳುತ್ತದೆ; ಜಾನ್ ಓಡ್ಲಿಂಗ್-ಸ್ಮೀ 1988ರಲ್ಲಿ ಹೆಸರಿಟ್ಟ ನೆಲೆ ನಿರ್ಮಾಣವು (ಜೀವಿಗಳು ಪರಿಸರವನ್ನು ತಾವೇ ಬದಲಿಸಿ, ತಮ್ಮ ಅಥವಾ ಇತರ ಜೀವಿಗಳ ವಿಕಾಸದ ಮೇಲೆ ಪ್ರಭಾವ ಬೀರುವುದು), ಹುತ್ತ ಎದ್ದ ಮೇಲೆ ಯಾವ ಜೀವಿಯ ಮೇಲಿನ ನಿಸರ್ಗದ ಆಯ್ಕೆಯ ಒತ್ತಡ ಬದಲಾಯಿತೆಂದು ಕೇಳುತ್ತದೆ.

ಹುತ್ತ ನೆಲೆ ನಿರ್ಮಾಣವೆಂದು ತೋರಿಸಲು, ಮೊದಲು ಗೆದ್ದಲು ಪರಿಸರದಲ್ಲಿ ಮಾಡುವ ಬದಲಾವಣೆಯನ್ನಷ್ಟೇ ವಿವರಿಸಿ. ನಮ್ಮ ಹೊಲಗಳಲ್ಲಿ ಕಾಣುವ ಒಡೊಂಟೊಟರ್ಮಿಸ್ ಗೆದ್ದಲುಗಳು ಒಣ ಸೊಪ್ಪುಸದೆಯನ್ನು ತಿಂದು, ಅರೆಜೀರ್ಣವಾದ ಹಿಕ್ಕೆಯಿಂದ ಒಳಗೆ ರಂಧ್ರಮಯ ತಟ್ಟಿಗಳನ್ನು ಕಟ್ಟುತ್ತವೆ. ಅವುಗಳ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆದು, ಗಟ್ಟಿ ನಾರನ್ನು ಕರಗಿಸಿ, ಗೆದ್ದಲಿಗೇ ಆಹಾರವಾಗುತ್ತದೆ. ಮಳೆಗಾಲದಲ್ಲಿ ಹುತ್ತದ ಬಳಿ ಏಳುವ ಅಣಬೆ ಇದರದೇ.

ಬಳಿಕ, ಆ ಬದಲಾವಣೆ ತಲೆಮಾರುಗಳವರೆಗೆ ಉಳಿಯುತ್ತದೆಯೇ ಎಂಬುದನ್ನು ತೋರಿಸಿ. ಕೊನೆಗೆ, ಅದಕ್ಕೆ ಪ್ರತಿಯಾಗಿ ವಂಶಪಾರಂಪರ್ಯವಾದ ಬದಲಾವಣೆ ಆಗಿದೆಯೇ ಎಂದು ನೋಡಿ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಹುತ್ತದಲ್ಲಿ ಹಾವು ಸೇರಿಕೊಂಡದ್ದು ಸಾಕ್ಷ್ಯವಾಗದು, ಆದರೆ ಗೂಡಿನ ಹೊರಗೆ ಸ್ವತಂತ್ರವಾಗಿ ಬಾಳುವುದು ಕಾಣದ ಆ ಶಿಲೀಂಧ್ರ ಬಲವಾದ ಉದಾಹರಣೆ. ಜೀನಿನ ಮಟ್ಟದ ಪುರಾವೆ ಬೇಕಿದ್ದರೆ, ಹೈನುಗಾರಿಕೆಯ ಜನಾಂಗಗಳಲ್ಲಿ ವಯಸ್ಕರಾದ ಮೇಲೂ ಉಳಿಯುವ, ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಲ್ಯಾಕ್ಟೇಸ್ ಕಿಣ್ವವನ್ನು ಸೇರಿಸಿ; ಅಲ್ಲಿ ಮನುಷ್ಯರೇ ರೂಢಿಸಿದ ಹೈನುಗಾರಿಕೆ ಅವರ ಮೇಲಿನ ಆಯ್ಕೆಯನ್ನು ಬದಲಿಸಿತು.

ನೆಲೆ ನಿರ್ಮಾಣವು ವಿಕಾಸವಾದವನ್ನೇ ತಿದ್ದಬೇಕಾದ ಪ್ರಕ್ರಿಯೆಯೋ, ಹಳೆಯ ಚೌಕಟ್ಟಿನೊಳಗೇ ಅಡಗುವಂಥದೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. 2014ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆ ಎರಡೂ ಪಕ್ಷಗಳ ವಾದವನ್ನು ಜೊತೆಯಲ್ಲೇ ಪ್ರಕಟಿಸಿತು. ಆ ಭಾಗವನ್ನು ತೀರ್ಮಾನವಾಗಿ ಅಲ್ಲ, ಚರ್ಚೆಯಾಗಿಯೇ ಮಂಡಿಸಿ.